ಸುಟ್ಟ ಸರಳುಗಳ ವಯಸ್ಸು

ಔರಾದ
ತಾ. ೯-೪-೨೦೦೩

ಮಾಣಿಕನ ಅಪ್ಪನವರಿಗೆ ಅಂಜನಾಬಾಯಿಯ ಜೈಭೀಮ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಎರಡು ಸಲ ಬರೆದು ಹರಿದೆ, ಸಿಟ್ಟಾಗಬೇಡಿ. ಫೋನಿನ ಅಂಗಡಿಯಲ್ಲಿ ಮಾತಾಡಿದರೆ ಅರ್ಧ ಔರಾದ ಕಿವಿ ಕೊಡುತ್ತದೆ. ನಮ್ಮ ಬೋರು ಬತ್ತಿದೆ, ಟ್ಯಾಂಕರ್ ಬಂದ ದಿನವೇ ನೀರು. ಓಣಿಯ ಮನೆಗಳಿಗೆಲ್ಲ ಕೀಲಿ. ಎಲ್ಲರೂ ಹೈದರಾಬಾದಿಗೆ, ಪುಣೆಗೆ ಹೋದರು. ನೀವೊಬ್ಬರೇ ಆ ಅಣು ಕರೆಂಟಿನ ಕಾರ್ಖಾನೆಗೆ.

ಉರಿದು ಮುಗಿದ ಸರಳುಗಳನ್ನು ನೀರಿನ ಹೊಂಡದಿಂದ ತೆಗೆದು ಬೇರೆ ಡಬ್ಬಿಗೆ ತುಂಬುವ ಕೆಲಸಕ್ಕೆ ಈ ತಿಂಗಳು ನಿಮ್ಮನ್ನೂ ಹಚ್ಚುತ್ತಾರೆ, ಇಪ್ಪತ್ತು ವರ್ಷದ ಹಳೆಯ ಮಾಲು, ತಣ್ಣಗಾಗಿದೆ ಎಂದು ಗುತ್ತೇದಾರ ಹೇಳಿದ್ದಾನೆ, ಹೆದರಬೇಡ ಎಂದು ಬರೆದಿದ್ದೀರಿ. ನಾನು ಆರನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದರೂ ನನಗೆ ಈ ಲೆಕ್ಕ ಕೂಡಲಿಲ್ಲ. ಕಾರ್ಖಾನೆ ಶುರುವಾಗಿ ಹತ್ತೇ ವರ್ಷ ಎಂದು ದೀಪಾವಳಿಗೆ ಬಂದಾಗ ನೀವೇ ಹೇಳಿದಿರಿ. ತಾಯಿಗಿಂತ ಮಗಳು ದೊಡ್ಡವಳೇ?

ನಿದ್ದೆ ಬರದೆ, ಹೈಸ್ಕೂಲಿನ ಮುನವ್ವರ ಬೇಗಂ ಟೀಚರಮ್ಮನ ಹತ್ತಿರ ಹೋದೆ. ‘ಆ ಸರಳು ತಾನೇ ತನ್ನ ವಯಸ್ಸು ಹೇಳ್ತದರೀ’ ಎಂದರು. ‘ಅದರೊಳಗ ಸೀಸಿಯಂ ಅಂತ ಎರಡು ನಮೂನಿ ಇರ್ತಾವ. ಒಂದು ಎರಡು ವರ್ಷಕ್ಕ ಅರ್ಧ ಆಗ್ತದ, ಇನ್ನೊಂದಕ್ಕ ಮೂವತ್ತು ವರ್ಷ ಬೇಕು. ಯಾವುದು ಎಷ್ಟು ಉಳದದ ಅಂತ ಯಂತ್ರ ಹಚ್ಚಿ ನೋಡಿದ್ರ, ಭಟ್ಟಿಯಿಂದ ಯಾವಾಗ ತೆಗದಾರ ಅಂತ ತಿಳೀತದ.’

‘ಹಂಗಾರ ಗುತ್ತೇದಾರ ಯಾಕ ಬಾಯಿಲೆ ಹೇಳ್ತಾನ್ರೀ?’

‘ಅದು ಅವನಿಗೇ ಕೇಳ್ರಿ ಅಂಜನಾಬಾಯಿ.’

ಮೊನ್ನೆ ಶಿವರಾಜಪ್ಪ ಸಾವಕಾರರು ಜೋಳ ಹೂತಿಟ್ಟ ಹಗೇವು ತೆರೆದರು. ‘ಮುಂಜಾನಿನೇ ಬಾಯಿ ತೆಗದೀನಿ, ಕೆಟ್ಟ ಗಾಳಿ ಹೋಗ್ಯಾದ, ಇಳೀರಿ’ ಎಂದರು. ಇಳಿಯಬೇಕಾದ ಆಳು ಮಚ್ಛೇಂದ್ರ ಕದಲಲಿಲ್ಲ. ‘ಮೊದಲ ದೀಪ ಇಳಸ್ರಿ ಸಾವಕಾರ್ರ, ಅದಕ್ಕ ಹೆಂಡ್ತಿ ಮಕ್ಕಳಿಲ್ಲ!’ ಎಲ್ಲರೂ ನಕ್ಕರು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೇ ಆರಿತು. ಆಮೇಲೆ ಯಾರೂ ನಗಲಿಲ್ಲ.

ನೆಲದೊಳಗಿನ ಜೋಳಕ್ಕೇ ಇಷ್ಟು ಪರೀಕ್ಷೆ ಇದೆ. ನಿಮ್ಮ ಹೊಂಡಕ್ಕೆ ಯಾರು ಮಾಡಿದರು? ಯಂತ್ರ ಹಚ್ಚಿದ್ದನ್ನು ನೀವು ನೋಡಿದಿರಾ, ಇಲ್ಲಾ ಯಾರೋ ನೋಡಿದರೆಂದು ಕೇಳಿದಿರಾ? ಯಂತ್ರ ಹಚ್ಚಿದವರೇ ಹೇಳುವ ತನಕ ಕೈ ಹಚ್ಚಬೇಡಿ. ಕೆಲಸ ಹೋದರೆ ಹೋಗಲಿ. ನನ್ನದು ಬರೀ ಸಂಶಯದ ಸ್ವಭಾವ ಎನ್ನುತ್ತೀರಿ. ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ತಥಾಗತನ ಕರುಣೆ ನಿಮ್ಮ ಮೇಲಿರಲಿ.

ನಿಮ್ಮ
ಅಂಜನಾಬಾಯಿ

ತಾ.ಕ.: ಇದನ್ನೇ ಮೊದಲು ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ನಮ್ಮ ಮಾಣಿಕ ಅದೇ ಗುತ್ತೇದಾರನ ಮಂದಿಯ ಜೊತೆ ಭಾಲ್ಕಿಯಲ್ಲಿ ರೈಲು ಹತ್ತಿದ. ನಿಮ್ಮ ಕೆಲಸಕ್ಕೇ ಬರುತ್ತಿದ್ದಾನೆ. ನಾನು ಬಾಗಿಲಿಗೆ ಅಡ್ಡ ನಿಂತೆ. ‘ಹೆದರಿಕಿ ಇಲ್ಲಂತ ಅಪ್ಪನೇ ಬರದಾನಲ್ಲವ್ವಾ. ಅಪ್ಪ ಸುಳ್ಳು ಬರೀತಾನೇನು?’ ಎಂದ. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ.