ಕೆಂಪು ಹಲಗೆ ತೆಗೆದ ಕೈ

ಚಂದ್ರಾ ಲೇಔಟಿನ ಗುರುಸಿದ್ದಯ್ಯ ಸರ್ ಅವರಿಗೆ,

ಹೇರೋಹಳ್ಳಿಯಿಂದ ನಿಮ್ಮ ಶಿಷ್ಯ ಅಮರೇಶನ ನಮಸ್ಕಾರ. ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿನ್ನೆ ಬೆಳಿಗ್ಗೆ ಕಣ್ಣಾರೆ ನೋಡಿದ್ದೇನೆ. ನಿಮ್ಮ ಮನೆ ಹತ್ತಿರದ ಶಾಲೆಯ ಎದುರು, ರಸ್ತೆಯ ನಡುವೆ ನಿಂತು, ಕೆಂಪು ಫಲಕ ಎತ್ತಿ ಹಿಡಿದು ಮಕ್ಕಳನ್ನು ದಾಟಿಸುತ್ತಿದ್ದಿರಿ. ನಾನು ಎದುರಿನ ಬೇಕರಿಯಲ್ಲಿ ಟೀ ಹಿಡಿದು ನಿಂತಿದ್ದೆ. ಎಲ್ಲರೂ ದಾಟಿದರೆಂದುಕೊಂಡು ಶಾಲೆಯ ವಾಚ್‌ಮನ್ ಫಲಕಕ್ಕೆ ಕೈ ಹಾಕಿದ. ನೀವು ಕೊಡಲಿಲ್ಲ. ಬಲಕ್ಕೆ ನೋಡಿದಿರಿ, ಎಡಕ್ಕೆ ನೋಡಿದಿರಿ, ಗೇಟಿನೊಳಗೆ ಓಡಿದ ಕೊನೆಯ ಹುಡುಗಿಯ ಬೆನ್ನು ಮರೆಯಾಗುವವರೆಗೂ ನೋಡಿದಿರಿ. ಆಮೇಲೆ ನೀವೇ ಇಳಿಸಿದಿರಿ.

ನನ್ನಿಂದ ಟೀ ಕುಡಿಯಲಾಗಲಿಲ್ಲ. ಲೋಟ ಇಟ್ಟು ಬಸ್ ಹತ್ತಿ ಮನೆಗೆ ಬಂದುಬಿಟ್ಟೆ. ಈ ರಜೆಯಲ್ಲಿ ನಿಮ್ಮ ರಸ್ತೆಯ ತನಕ ಬಂದು ಹೀಗೆ ಬಾಲ ಮುದುರಿಕೊಂಡು ಹಿಂದಿರುಗಿದ್ದು ಮೂರನೆಯ ಸಲ. ಎದುರಿಗೆ ನಿಂತು ಹೇಳಲಾಗದ್ದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ. ಅದಕ್ಕೂ ಹನ್ನೊಂದು ತಿಂಗಳು ತೆಗೆದುಕೊಂಡೆ.

ಮೊದಲ ದಿನ ನಿಮಗೆ ನೆನಪಿದೆಯೋ ಇಲ್ಲವೋ. ವಾಯುನೆಲೆಯ ಟವರಿಗೆ ಬಂದು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಾಗ ನನಗೆ ಹೆದರಿಕೆಯಾಗಿತ್ತು. ತರಗತಿಯಲ್ಲಿ ಪುಸ್ತಕ ಓದಿದ್ದಾಯಿತು, ಪರೀಕ್ಷೆ ಬರೆದದ್ದಾಯಿತು, ಆದರೆ ಈ ಕೆಲಸವನ್ನು ಕಲಿಯುವುದು ಕಲಿತವರ ಪಕ್ಕ ಕುಳಿತೇ. ಕಲಿಯುವವನಿಗೊಂದು ಮೈಕು, ಕಲಿಸುವವನಿಗೊಂದು ಮೈಕು. ಪೈಲಟ್‌ಗಳ ಜೊತೆ ಕಲಿಯುವವನು ಮಾತಾಡುತ್ತಾನೆ, ತಪ್ಪು ಬಾಯಿಂದ ಹೊರಟಿತೆಂದರೆ ಕಲಿಸುವವನು ತನ್ನ ಗುಂಡಿ ಒತ್ತಿ ಅವನ ದನಿಯನ್ನು ಕತ್ತರಿಸುತ್ತಾನೆ. ಮೊದಲ ವಾರ ನೀವು ನನ್ನನ್ನು ಅದೆಷ್ಟು ಸಲ ಕತ್ತರಿಸಿದಿರೋ! ಊರು ಯಾವುದೆಂದು ಕೇಳಿದಿರಿ. ಹೇರೋಹಳ್ಳಿ ಎಂದೆ. ಅಲ್ಲಿನ ರಸ್ತೆಯಲ್ಲಿ ಗಾಡಿ ಓಡಿಸಿದವನು ರನ್‌ವೇ ನೋಡಿದರೆ ಸಂತೋಷಕ್ಕೆ ಅಳಬೇಕು, ಹೆದರುವುದೇಕೆ ಎಂದು ನಕ್ಕಿರಿ. ಅಂದಿನಿಂದ ನಾನು ನಿಮಗೆ ಹೇರೋಹಳ್ಳಿಯೇ ಆದೆ, ಅಮರೇಶ ಎಂದು ಕರೆದದ್ದು ಬೈಯುವಾಗ ಮಾತ್ರ.

ಸೇನೆಗೆ ಸೇರುವ ಮೊದಲು ಒಂದು ವರ್ಷ ವಿಜಯನಗರ, ಚಂದ್ರಾ ಲೇಔಟ್ ಕಡೆ ಊಟದ ಡೆಲಿವರಿ ಮಾಡುತ್ತಿದ್ದೆ ಎಂದು ಹೇಳಿದ್ದೆನಲ್ಲ. ಒಂದು ಗುಟ್ಟನ್ನೂ ಹೇಳಿದ್ದೆ. ಮೂರನೆಯ ಮಹಡಿ ಹತ್ತುವ ಮೊದಲೇ, ಕೆಳಗೆ ಗಾಡಿ ನಿಲ್ಲಿಸುವಾಗಲೇ, ಮೊಬೈಲಿನಲ್ಲಿ ತಲುಪಿಸಿದೆ ಎಂದು ಒತ್ತಿಬಿಡುತ್ತಿದ್ದೆ. ಮುಂದಿನ ಆರ್ಡರ್ ಬೇಗ ಸಿಗಲಿ ಎಂದು. ಹೇಗೂ ತಲುಪಿಸುತ್ತೇನಲ್ಲ, ಒಂದು ನಿಮಿಷ ಮುಂಚೆ ಒತ್ತಿದರೆ ಏನಾಯಿತು ಎಂಬ ಲೆಕ್ಕ. ನಗುತ್ತೀರಿ ಎಂದುಕೊಂಡಿದ್ದೆ. ನೀವು ನಗಲಿಲ್ಲ. "ನಿನ್ ಕೈ ನಿನ್ ಕಣ್ಣಿಗಿಂತ ಮುಂದೆ ಓಡತ್ತೆ ಕಣೋ. ಇಲ್ಲಿ ಅದು ಆಗಲ್ಲ," ಎಂದಿರಿ.

ಅದಕ್ಕೇ ಇರಬೇಕು, ಆ ಕೆಂಪು ಹಲಗೆಯ ಪಾಠವನ್ನು ನನಗೆ ಉಳಿದವರಿಗಿಂತ ಹೆಚ್ಚು ಸಲ ಮಾಡಿದಿರಿ. ಗೇಣುದ್ದದ ಮರದ ತುಂಡು. ರನ್‌ವೇ ಮೇಲೆ ಜೀಪೋ ಟ್ರ್ಯಾಕ್ಟರೋ ಹೋದರೆ ಅದನ್ನು ಮೇಜಿನ ಮೇಲೆ, ವಿಮಾನಗಳ ಹೆಸರಿನ ಪಟ್ಟಿಗಳ ನಡುವೆ ಅಡ್ಡ ಇಡಬೇಕು. ಹಲಗೆ ಇರುವಷ್ಟು ಹೊತ್ತು ಯಾವ ವಿಮಾನಕ್ಕೂ ಇಳಿಯಲು ಅನುಮತಿ ಇಲ್ಲ. ಇಟ್ಟವರೇ ತೆಗೆಯಬೇಕು. ಅದೂ ಗಾಡಿ ಹೊರಗೆ ಬಂತೆಂದು ಕಿವಿಯಲ್ಲಿ ಕೇಳಿ, ಗಾಜಿನಾಚೆ ಕಣ್ಣಲ್ಲಿ ನೋಡಿ, ಆಮೇಲೆ. ಪಾಳಿ ಬದಲಾಗುವಾಗಲೂ ನಿಮ್ಮದೊಂದು ಪದ್ಧತಿ ಇತ್ತು. ಏಳುವವರು ಎಲ್ಲವನ್ನೂ ಒಪ್ಪಿಸಿದ ಮೇಲೆ ಕೂರುವವನು ಬಾಯಿಬಿಟ್ಟು "ಇನ್ಮೇಲೆ ನನ್ನದು" ಎನ್ನಬೇಕು. ಅನ್ನುವವರೆಗೂ ಏಳುವವರು ಕುರ್ಚಿ ಬಿಡುವಂತಿಲ್ಲ. ಒಂದು ಸಲ ನಾನು ಬರೀ ತಲೆಯಾಡಿಸಿದ್ದಕ್ಕೆ ಹತ್ತು ನಿಮಿಷ ಎದ್ದೇ ಇರಲಿಲ್ಲ ನೀವು.

ಆ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ನನ್ನ ಕಲಿಕೆಯ ನೂರು ಗಂಟೆಗಳಲ್ಲಿ ತೊಂಬತ್ತಾರು ಮುಗಿದಿದ್ದವು. ರನ್‌ವೇ ಮೇಲೆ ಎರಡು ಗಾಡಿಗಳಿದ್ದವು. ಹಕ್ಕಿ ಓಡಿಸುವ ಜೀಪು ಒಂದು, ಅಂಚಿನ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಇನ್ನೊಂದು. ಎರಡಕ್ಕೂ ಸೇರಿ ನೀವು ಒಂದೇ ಹಲಗೆ ಇಟ್ಟಿದ್ದಿರಿ. ಎರಡು ಕದದ ಬಾಗಿಲಿಗೆ ಒಂದು ಚಿಲಕ ಸಾಕಲ್ಲ, ಹಾಗೆ. ಫೋನು ಬಂತು. ನೀವು ಎರಡು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ಮಾತಾಡುತ್ತಿದ್ದಿರಿ. ಅಷ್ಟರಲ್ಲಿ ಜೀಪಿನವರು ಹೊರಗೆ ಬಂದೆವು ಎಂದರು. ತರಬೇತಿ ವಿಮಾನವೊಂದು ಇಳಿಯಲು ಕೇಳುತ್ತಿತ್ತು. ಟ್ರ್ಯಾಕ್ಟರ್ ಅಂಚಿಗೆ ಸರಿಯುವುದನ್ನು ನಾನು ಸ್ವಲ್ಪ ಮುಂಚೆ ನೋಡಿದ್ದೆ. ಹೇಗೂ ಆಚೆ ಹೋಗಿರುತ್ತದಲ್ಲ ಎಂದುಕೊಂಡೆ. ಹೇಗೂ ತಲುಪಿಸುತ್ತೇನಲ್ಲ ಎಂದುಕೊಂಡ ಹಾಗೆಯೇ.

ಹಲಗೆ ತೆಗೆದೆ ಸರ್. ನಾನೇ ತೆಗೆದೆ. ಗಾಜಿನಾಚೆ ನೋಡಲಿಲ್ಲ. ಇಳಿಯಲು ಅನುಮತಿ ಕೊಟ್ಟೆ. ದನಿ ಎಷ್ಟು ಸ್ಪಷ್ಟವಾಗಿ ಬಂತೆಂದರೆ ನನಗೇ ಹೆಮ್ಮೆಯಾಯಿತು. ನೀವು ಭೇಷ್ ಎನ್ನುತ್ತೀರಿ ಎಂದು ತಿರುಗಿ ನಿಮ್ಮ ಮುಖ ನೋಡಿದೆ.

ಟ್ರ್ಯಾಕ್ಟರ್ ಇನ್ನೂ ರನ್‌ವೇ ಮೇಲೆಯೇ ಇದ್ದದ್ದು ಕಂಡು ನೀವು ಫೋನು ಬಿಸಾಡಿ ಬಂದು ಗುಂಡಿ ಒತ್ತಿ ವಿಮಾನ ಮೇಲೆತ್ತಲು ಹೇಳಿದಿರಿ. ನನ್ನ ಮಾತಿಗೂ ನಿಮ್ಮ ಮಾತಿಗೂ ನಡುವೆ ಆರು ಸೆಕೆಂಡು ಎಂದು ಟವರಿನ ಮಾತುಗಳನ್ನೆಲ್ಲ ಹಿಡಿದಿಡುವ ಟೇಪು ಹೇಳುತ್ತದೆ. ಪೈಲಟ್ ಉಳಿದ, ವಿಮಾನ ಉಳಿಯಿತು. ನೆತ್ತಿಯ ಮೇಲೆ ವಿಮಾನ ಬಂದದ್ದು ಕಂಡು ಟ್ರ್ಯಾಕ್ಟರಿನ ಮುನಿರಾಜು ಗಾಬರಿಯಿಂದ ಹಾರಿದ. ಹಿಂದೆ ಕಟ್ಟಿದ್ದ ಹುಲ್ಲು ಕತ್ತರಿಸುವ ಯಂತ್ರ ಅವನ ಮೇಲೆಯೇ ಹಾದುಹೋಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಆ ಸಂಜೆ ಟವರಿನ ಮೆಟ್ಟಿಲ ಮೇಲೆ ನೀವು ನನ್ನ ಭುಜ ಹಿಡಿದು ಹೇಳಿದ್ದು ಇಷ್ಟೇ. "ನೀನು ನೋಡಿಲ್ಲ. ಅಷ್ಟೇ ಹೇಳು. ಮಿಕ್ಕಿದ್ದು ನಂಗ್ ಬಿಡು." ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನಾಲ್ಕು ವರ್ಷಕ್ಕೆ ಸೇರಿಸಿಕೊಂಡ ನಮ್ಮಲ್ಲಿ ನಾಲ್ವರಿಗೆ ಒಬ್ಬನನ್ನೇ ಆಮೇಲೆ ಉಳಿಸಿಕೊಳ್ಳುವುದು ಎಂಬುದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಲಿಯುವವನ ತಪ್ಪಿಗೆ ಪಕ್ಕದಲ್ಲಿ ಕುಳಿತವರೇ ಹೊಣೆ ಎಂಬ ನಿಯಮವಿದೆಯೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹೊಣೆ ಹೊರುವುದು ಬೇರೆ, ಮಾಡದ್ದನ್ನು ಮಾಡಿದೆ ಎನ್ನುವುದು ಬೇರೆ. ವಿಚಾರಣೆಯಲ್ಲಿ ನೀವು ಹಲಗೆಯನ್ನು ನಾನೇ ಇಟ್ಟೆ, ನಾನೇ ತೆಗೆದೆ ಎಂದಿರಿ. ನನ್ನನ್ನು ಕೇಳಿದಾಗ ಪೈಲಟ್ ಮಾತಿನ ಕಡೆ ಗಮನವಿತ್ತು, ಯಾರು ತೆಗೆದರೆಂದು ನೋಡಲಿಲ್ಲ ಎಂದೆ. ಬರೆದುಕೊಂಡರು. ಸಹಿ ಹಾಕಿದೆ. ಅವರಾದರೂ ಏನು ಮಾಡಿಯಾರು? ಟೇಪಿನಲ್ಲಿ ದನಿ ಇರುತ್ತದೆ, ಕೈ ಇರುವುದಿಲ್ಲ.

ನಿಮ್ಮ ಮೈಕು ಕಿತ್ತುಕೊಂಡರು. ನಿವೃತ್ತಿಗೆ ಎಂಟು ತಿಂಗಳಿತ್ತು. ಇಪ್ಪತ್ತೊಂಬತ್ತು ವರ್ಷ ಆಕಾಶ ನೋಡಿದವರನ್ನು ಸ್ಟೋರಿನಲ್ಲಿ ಕಂಬಳಿ ಎಣಿಸಲು ಕೂರಿಸಿದರು. ನಾನು ಮಿಕ್ಕ ನಾಲ್ಕು ಗಂಟೆಗಳನ್ನು ಇನ್ನೊಬ್ಬರ ಪಕ್ಕ ಕುಳಿತು ಮುಗಿಸಿ ಪಾಸಾದೆ. ಪಾಸಾದ ದಿನ ನೀವು ಸ್ಟೋರಿನ ಬಾಗಿಲಿಗೆ ಬಂದು ಕೈ ಕುಲುಕಿದಿರಿ. ನಿಮ್ಮ ಮೇಲೆ ನನಗೆ ಆವತ್ತು ಕೋಪ ಬಂತು ಸರ್, ನಿಜ ಹೇಳುತ್ತೇನೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ನೆಲೆಯ ಗೇಟಿನ ಬಳಿ ನಡೆದದ್ದು. ವಿಚಾರಣೆಯಲ್ಲಿ ನೀವು ಹೇಳಿದ್ದು ತಿಳಿದು ಮುನಿರಾಜುವಿನ ಹೆಂಡತಿ ಬಂದಿದ್ದಾಳೆಂದು ಕೇಳಿ ನೀವು ಯಾರು ಬೇಡವೆಂದರೂ ಹೋದಿರಿ. ನಾನು ಹಿಂದೆ ಬಂದೆ. ಆಕೆ ಅಳುತ್ತಿರಲಿಲ್ಲ. ತಾಳಿ ಇಲ್ಲದ ಕುತ್ತಿಗೆಗೆ ಸೆರಗು ಸುತ್ತಿಕೊಂಡು ನಿಂತಿದ್ದಳು. ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ಹಲಗೆ ತೆಗ್ದ ಕೈಗೆ ಹುಳ ಬೀಳ್ಲಿ," ಎಂದಳು. ನೀವು ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದಿರಿ. ನನ್ನ ಕೈ ಪ್ಯಾಂಟಿನ ಜೇಬಿನಲ್ಲಿತ್ತು.

ಈಗ ಕಾಯಂ ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ರಜೆ ಮುಗಿಯುವುದರೊಳಗೆ ತುಂಬಿ ಕಳಿಸಬೇಕಾದ ಫಾರ್ಮೊಂದಿದೆ. ಅದರಲ್ಲಿ ಒಂದು ಪ್ರಶ್ನೆ, ಕರ್ತವ್ಯದಲ್ಲಿ ನಿಮ್ಮಿಂದಾದ ಅವಘಡ ಯಾವುದಾದರೂ ಉಂಟೇ ಎಂದು. ಎದುರಿಗೆ ಹೌದು, ಇಲ್ಲ ಎಂದು ಎರಡು ಚೌಕ. ಹತ್ತು ದಿನ ಆ ಕಾಗದವನ್ನು ಟಿವಿ ಮೇಲಿಟ್ಟು ಧೂಳು ಒರೆಸುತ್ತಿದ್ದೆ. ನಿನ್ನೆ ನಿಮ್ಮನ್ನು ನೋಡಿ ಬಂದವನು ಊಟಕ್ಕೆ ಕೂತು ಎದ್ದುಬಿಟ್ಟೆ. ಅವ್ವ ಏನಾಯಿತೆಂದು ಕೇಳಿದಳು. ನಮ್ಮವ್ವ ಭಾಗವ್ವನನ್ನು ನೀವು ನೋಡಿಲ್ಲ. ಯಾದಗಿರಿ ಕಡೆಯಿಂದ ಬಂದು ಹದಿನೈದು ವರ್ಷದಿಂದ ನಿಮ್ಮ ಲೇಔಟಿನಲ್ಲೇ ಮೂರು ಮನೆ ಅಡುಗೆ ಮಾಡುತ್ತಾಳೆ. ಸಮವಸ್ತ್ರದಲ್ಲಿರುವ ನನ್ನ ಫೋಟೋವನ್ನು ದೇವರ ಪಕ್ಕ ತೂಗುಹಾಕಿದ್ದಳು. ಆಕೆಗೆ ಎಲ್ಲವನ್ನೂ ಹೇಳಿದೆ.

ಅವ್ವ ನನ್ನ ನೌಕರಿ ಹೋಗುತ್ತದೋ ಎಂದು ಕೇಳಲಿಲ್ಲ. ತಟ್ಟೆ ಆಚೆ ಸರಿಸಿ, "ಆ ಸತ್ತಾಂವನ ಮನ್ಯಾಗ ಯಾರ್ಯಾರದಾರ?" ಎಂದಳು. ನನಗೆ ಗೊತ್ತಿರಲಿಲ್ಲ ಸರ್. ಹನ್ನೊಂದು ತಿಂಗಳಲ್ಲಿ ನಾನು ನಿಮ್ಮ ಬಗ್ಗೆ ಯೋಚಿಸಿದ್ದೇನೆ, ನನ್ನ ಬಗ್ಗೆಯಂತೂ ಹಗಲೆಲ್ಲ ಯೋಚಿಸಿದ್ದೇನೆ, ಮುನಿರಾಜುವಿಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ಒಮ್ಮೆಯೂ ಕೇಳಿಲ್ಲ. ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ ಫೋಟೋ ಇರಲಿಲ್ಲ, ಮೊಳೆ ಮಾತ್ರ ಇತ್ತು.

ಇಂದು ಹತ್ತು ಗಂಟೆಗೆ ವಿಜಯನಗರದ ಅಂಚೆ ಕಚೇರಿಗೆ ಹೋಗಿ ನಮ್ಮ ನೆಲೆಯ ಅಧಿಕಾರಿಗೆ ಎರಡು ಪುಟದ ಹೇಳಿಕೆ ಕಳಿಸಿದ್ದೇನೆ. ಹಲಗೆ ತೆಗೆದದ್ದು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದೂ ನಾನು ಎಂದು ಬರೆದಿದ್ದೇನೆ. ಫಾರ್ಮಿನಲ್ಲಿ ಹೌದು ಎಂಬ ಚೌಕ ತುಂಬಿದ್ದೇನೆ. ನಿಮಗೆ ಮೊದಲು ತಿಳಿಸಿದ್ದರೆ ತಡೆಯುತ್ತಿದ್ದಿರಿ, ನಾನು ತಡೆಸಿಕೊಳ್ಳುತ್ತಿದ್ದೆ. ಅದಕ್ಕೇ ಅದನ್ನು ಹಾಕಿ, ರಸೀದಿ ಜೇಬಿಗಿಟ್ಟು, ಆಮೇಲೆ ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಿಮ್ಮನ್ನೂ ಮತ್ತೆ ಕರೆಸಬಹುದು, ಸುಳ್ಳೇಕೆ ಹೇಳಿದಿರಿ ಎಂದು ನಿಮ್ಮನ್ನೂ ಕೇಳಬಹುದು. ಆ ತೊಂದರೆಯನ್ನೂ ನಾನೇ ತಂದಿಟ್ಟಂತಾಯಿತು. ಕ್ಷಮಿಸಿ ಎಂದರೆ ನೀವು ಕ್ಷಮಿಸಿಬಿಡುತ್ತೀರಿ, ಆದ್ದರಿಂದ ಕೇಳುವುದಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಮುನಿರಾಜುವಿನ ಊರಿಗೆ ಹೊರಟಿದ್ದೇನೆ. ಅವ್ವನೂ ಬರುತ್ತೇನೆ ಎಂದಿದ್ದಾಳೆ. ಬೇಡವೆಂದರೂ ಸೀರೆ ಮಡಿಸಿ ಚೀಲಕ್ಕೆ ಹಾಕಿದ್ದಾಳೆ. ಆ ಹೆಂಗಸು ನಿಮಗೆ ಅಂದ ಮಾತನ್ನು ವಾಪಸು ಪಡೆಯಲಿ ಎಂದು ನಾನು ಹೋಗುತ್ತಿಲ್ಲ. ಅದು ಸೇರಬೇಕಾದವನಿಗೆ ಸೇರಲಿ ಎಂದು ಹೋಗುತ್ತಿದ್ದೇನೆ. ಈ ಸಲ ಮಹಡಿ ಹತ್ತಿ, ಬಾಗಿಲು ತಟ್ಟಿ, ಕೈಗೆ ಕೊಟ್ಟು ಬರುತ್ತೇನೆ.

ನಿಮ್ಮ ಮನೆಯವರು ಪುಟ್ಟಲಕ್ಷ್ಮಿ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ನೀವು ತಪ್ಪು ಮಾಡಿ ಮನೆಗೆ ಬಂದವರೆಂದು ಅವರು ಇಷ್ಟು ದಿನ ನಂಬಿದ್ದರೆ, ಈ ಕಾಗದವನ್ನು ಅವರಿಗೆ ಓದಲು ಕೊಡಿ. ನಿಮ್ಮ ಕಣ್ಣು ಹೀಗೇ ಚುರುಕಾಗಿರಲಿ, ಆ ಶಾಲೆಯ ಮಕ್ಕಳೆಲ್ಲ ಸುಖವಾಗಿ ದಾಟಲಿ.

ಆ ದಿನದಿಂದ ನೀವು ಕುರ್ಚಿ ಬಿಟ್ಟು ಎದ್ದಿಲ್ಲ ಸರ್. ನಾನು ಹೇಳಬೇಕಾದದ್ದನ್ನು ಹೇಳಿರಲಿಲ್ಲ. ಈಗ ಏಳಿ. ಆ ಹಲಗೆ, ಆ ಆರು ಸೆಕೆಂಡು, ಆ ಹೆಂಗಸಿನ ಶಾಪ, ಇನ್ಮೇಲೆ ನನ್ನದು.

ನಿಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತು ಕಲಿತವನು,
ಅಮರೇಶ