ವಾಪಸಾತಿ ಕೌಂಟರಿನ ಹಿಂದಿನ ಗೋಡೆಯಲ್ಲಿ ನನ್ನ ಅಮ್ಮ

ಮಾನ್ಯ ನಷ್ಟ ನಿಯಂತ್ರಣ ವಿಭಾಗದ ಮುಖ್ಯಸ್ಥರೇ,

ನಿಮ್ಮ ಮಳಿಗೆಯ ಎರಡನೇ ಮಹಡಿಯಲ್ಲಿ, ವಾಪಸಾತಿ ಕೌಂಟರಿನ ಹಿಂದಿನ ಗೋಡೆಯ ಮೇಲೆ ಒಂದಷ್ಟು ಫೋಟೊಗಳನ್ನು ಅಂಟಿಸಿದ್ದೀರಿ. ಮೇಲೆ ದಪ್ಪ ಅಕ್ಷರಗಳಲ್ಲಿ ‘ಇವರಿಂದ ಏನನ್ನೂ ವಾಪಸ್ ಪಡೆಯಬೇಡಿ’ ಎಂದು ಬರೆಸಿದ್ದೀರಿ. ಕೆಳಗಿನ ಸಾಲಿನ ಬಲತುದಿಯಲ್ಲಿ, ಕೂದಲು ಕೆದರಿಕೊಂಡು ಕ್ಯಾಮೆರಾದ ಕಡೆ ಅರ್ಧ ತಿರುಗಿರುವವಳು ನನ್ನ ಅಮ್ಮ. ಅದನ್ನು ತೆಗೆಸಿ ಎಂದು ಮಳಿಗೆಯ ಮ್ಯಾನೇಜರರನ್ನು ಕೇಳಿದೆ. ಅವರು ನಿಮ್ಮ ಕಚೇರಿಯತ್ತ ಕೈ ತೋರಿಸಿದರು. ನಿಮ್ಮ ಕಚೇರಿಯನ್ನು ಕೇಳಿದೆ. ಅದು ಮಳಿಗೆಯತ್ತ ಕೈ ತೋರಿಸಿತು. ಅಲ್ಲಿಂದಿಲ್ಲಿಗೆ ಅಲೆದು ಚಪ್ಪಲಿ ಸವೆದ ಮೇಲೆ ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಮನಸ್ಸು ಕರಗೀತೆಂಬ ಆಸೆ ನನಗಿಲ್ಲ. ಗೊತ್ತಿರಲಿಲ್ಲ ಎಂದು ನಾಳೆ ನೀವು ಹೇಳಬಾರದು, ಅಷ್ಟೇ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ವಾಪಸಾತಿಯಲ್ಲಿ ನಡೆಯುವ ಮೋಸ ನೀವು ಕಟ್ಟಿದ ಕತೆಯಲ್ಲ. ಹೊಸ ಇಸ್ತ್ರಿಪೆಟ್ಟಿಗೆಯ ಡಬ್ಬಿಯಲ್ಲಿ ಸುಟ್ಟುಹೋದ ಹಳೆಯದನ್ನು ತುಂಬಿಸಿ ತಂದುಕೊಡುವವರಿದ್ದಾರೆ. ಬೇರೆಯವರು ಬಿಸಾಡಿದ ಬಿಲ್ಲು ಹೆಕ್ಕಿ, ಶೆಲ್ಫಿನಿಂದ ಅದೇ ಸಾಮಾನು ತೆಗೆದು, ಕೊಂಡವರಂತೆ ಕೌಂಟರಿಗೆ ಬರುವವರಿದ್ದಾರೆ. ದೂರ ಯಾಕೆ, ನನ್ನ ಓರಗಿತ್ತಿಯೇ ಇದ್ದಾಳೆ. ಮನೆಯಲ್ಲಿ ಸಮಾರಂಭವಿದ್ದಾಗಲೆಲ್ಲ ನಿಮ್ಮಲ್ಲಿಂದ ಒಂದು ದುಬಾರಿ ಕೋಟು ತರುತ್ತಾಳೆ. “ಟ್ಯಾಗನ್ನ ಕಂಕುಳ ಹತ್ರ ಒಳಕ್ಕೆ ಸಿಕ್ಕಿಸ್ಕೊಂಡ್ರೆ ಯಾರಿಗೆ ಕಾಣತ್ತೆ? ಫೋಟೊ ತೆಗೆಸ್ಕೊಂಡು, ಸ್ವಲ್ಪ ಗಾಳಿಗೆ ಹಾಕಿ, ವಾಪಸ್ ಕೊಟ್ರೆ ಮುಗೀತು. ನಾವೇನು ಕದ್ದಿದೀವಾ?” ಎಂದು ನಗುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ನಿಮ್ಮ ಕಂಪನಿ ತಪ್ಪದೆ ಶುಭಾಶಯ ಕಳಿಸುತ್ತದೆ. ಅವಳು ನಿಮ್ಮ ವಿಶೇಷ ಗ್ರಾಹಕಿ. ಅವಳ ಫೋಟೊ ಗೋಡೆಯ ಮೇಲಿಲ್ಲ, ಯಾಕೆಂದರೆ ಅವಳ ಬಳಿ ಯಾವಾಗಲೂ ಬಿಲ್ಲಿರುತ್ತದೆ. ಮೋಸ ಮಾಡುವವರಷ್ಟು ಜೋಪಾನವಾಗಿ ಬಿಲ್ಲು ಇಟ್ಟುಕೊಳ್ಳುವವರು ಬೇರೆ ಯಾರಿದ್ದಾರೆ ಹೇಳಿ?

ಈಗ ಅಮ್ಮನ ವಿಷಯ. ಅವಳು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಈಜು ಕಲಿಸುತ್ತಿದ್ದಳು. ರಜೆಯಲ್ಲಿ ಊರಿನ ಈಜುಕೊಳದಲ್ಲಿ ಯಾರು ಬಂದರೂ ಕಲಿಸುತ್ತಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಶಿಳ್ಳೆ ಟೀಚರ್ ಎಂದು. ನಿವೃತ್ತಿಯಾಗಿ ಕೆಲವು ವರ್ಷ ಕಳೆದ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಮೊದಲು ನಾವು ನಕ್ಕೆವು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ಯಾರು ನಗುವುದಿಲ್ಲ? ಆಮೇಲೆ ಬೀರು ತೆಗೆದರೆ ಟವೆಲುಗಳು ಮೈಮೇಲೆ ಬೀಳತೊಡಗಿದವು. ಎಲ್ಲವೂ ನೀಲಿ, ಎಲ್ಲವೂ ನಿಮ್ಮ ಮಳಿಗೆಯವು. “ಮಕ್ಕಳು ಒದ್ದೆಯಲ್ಲಿ ನಿಂತಿರ್ತಾರಲ್ಲೇ, ಸಾಕಾಗಲ್ಲ” ಎನ್ನುತ್ತಿದ್ದಳು. ಯಾವ ಮಕ್ಕಳಮ್ಮಾ ಎಂದು ಕೇಳಿದರೆ ಪೆಚ್ಚಾಗಿ, ಮರುದಿನ ತಾನೇ ಹೋಗಿ ಒಂದೆರಡನ್ನು ವಾಪಸ್ ಕೊಟ್ಟು ಬರುತ್ತಿದ್ದಳು. ತಪ್ಪು ತಿದ್ದಿಕೊಳ್ಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇತ್ತು. ಅದೇ ಅವಳಿಗೆ ಮುಳುವಾಯಿತು.

ಒಂದು ದಿನ ಮನೆಯಿಂದ ಬರಿಗೈಯಲ್ಲಿ ನಿಮ್ಮಲ್ಲಿಗೆ ಬಂದಳು. ಕೊಡಬೇಕಾದ ಟವೆಲ್ ಕೈಯಲ್ಲಿಲ್ಲ. ಎದುರಿಗೆ ಶೆಲ್ಫಿನಲ್ಲಿ ಅಂಥದೇ ಟವೆಲ್ ಇದೆ. ತನ್ನದೇ ಎಂದುಕೊಂಡು ಎತ್ತಿಕೊಂಡಳು. ಕೌಂಟರಿನ ಹುಡುಗಿ, “ಬಿಲ್ ಇದೆಯಾ ಅಜ್ಜಿ?” ಎಂದಳಂತೆ. “ಇಲ್ಲೇ ಎಲ್ಲೋ ಇಟ್ಟಿದ್ದೆ ಕಣಮ್ಮ” ಎಂದು ಅಮ್ಮ ಚೀಲ ತಡಕಿದಳಂತೆ. ಪಾಪ ಅನಿಸಿ ಹುಡುಗಿ ಅಷ್ಟೇ ಬೆಲೆಯ ಕೂಪನ್ ಕೊಟ್ಟು ಕಳಿಸಿದಳು. ಹೀಗೆ ಇನ್ನೊಮ್ಮೆ ನಡೆಯಿತು. ಮತ್ತೂ ಒಮ್ಮೆ ನಡೆದಾಗ ಭದ್ರತೆಯವರು ಬಂದು ಭುಜ ಮುಟ್ಟಿದರು.

ನಿಮ್ಮ ಕ್ಯಾಮೆರಾ ಸುಳ್ಳು ಹೇಳಿಲ್ಲ, ಮಾನ್ಯರೇ. ಅಮ್ಮ ಶೆಲ್ಫಿನಿಂದ ತೆಗೆದದ್ದು ನಿಜ, ಅದನ್ನೇ ಕೌಂಟರಿಗೆ ಕೊಟ್ಟದ್ದು ನಿಜ. ಪಳಗಿದ ಮೋಸಗಾರ ಏನು ಮಾಡುತ್ತಾನೋ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದನ್ನೇ ಮಾಡಿದ್ದಾಳೆ. ಒಂದೇ ವ್ಯತ್ಯಾಸವೆಂದರೆ, ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಆ ವ್ಯತ್ಯಾಸ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲವೇ?

ಅಂದು ನನಗೆ ಫೋನ್ ಮಾಡಿದ್ದು ನಿಮ್ಮ ಕಾವಲುಗಾರ. ನಾನು ದಂತವೈದ್ಯರಿಗೆ ಹಲ್ಲಿನ ಸೆಟ್ ತಯಾರಿಸಿಕೊಡುವವಳು. (ನನ್ನ ಕಸುಬಿನಲ್ಲಿ ವಾಪಸಾತಿಯ ಗೋಳಿಲ್ಲ, ಬಾಯಿಗೆ ಹಾಕಿದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ.) ಕೈಗೆ ಮೆತ್ತಿದ್ದ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿಯನ್ನೂ ತೊಳೆಯದೆ ಓಡಿ ಬಂದೆ. ಗೋದಾಮಿನ ಪಕ್ಕದ ಆ ಕಿಟಕಿಯಿಲ್ಲದ ಕೋಣೆಯ ಬಾಗಿಲಲ್ಲೇ ಆತ ನಿಂತಿದ್ದ. “ಮೇಡಂ, ನಾನೂ ಟೀಚರ್ ಹತ್ರಾನೇ ಈಜು ಕಲಿತಿದ್ದು. ಕೊಳದ ಕಂಬಿ ಬಿಡಲ್ಲ ಅಂತ ಅಳ್ತಿದ್ದೆ, ಒಂದೊಂದೇ ಬೆರಳು ಬಿಡಿಸಿದ್ರು. ಇವ್ರು ಕದಿಯೋರಲ್ಲ. ಒಳಗೆ ಹೇಳ್ದೆ, ಕೇಳ್ತಿಲ್ಲ” ಎಂದ.

ಒಳಗೆ ಅಮ್ಮನ ಕೈಚೀಲವನ್ನು ಮೇಜಿನ ಮೇಲೆ ಸುರಿದಿದ್ದರು. ಕರವಸ್ತ್ರ, ಬಾಚಣಿಗೆ, ಮನೆಯ ಬೀಗದ ಕೈ, ಅರ್ಧ ತಿಂದು ಕಾಗದದಲ್ಲಿ ಸುತ್ತಿಟ್ಟ ಬಿಸ್ಕತ್ತು. ಕೋಟಿನ ಜೇಬುಗಳನ್ನು ಹೊರಗೆಳೆದು ನಾಲಗೆ ಚಾಚಿದಂತೆ ನೇತಾಡಿಸಿದ್ದರು. ಮ್ಯಾನೇಜರರು ಕಂಪ್ಯೂಟರನ್ನು ಅಮ್ಮನ ಕಡೆ ತಿರುಗಿಸಿ ವಿಡಿಯೊ ಹಾಕಿದರು.

“ನೋಡಿ, ಇದು ಯಾರು?”

ಅಮ್ಮ ಮುಂದಕ್ಕೆ ಬಾಗಿ ಗಮನವಿಟ್ಟು ನೋಡಿದಳು. “ಯಾರೋ ಗೊತ್ತಾಗಲಿಲ್ಲ. ಪಾಪ, ಏನೋ ಕಳ್ಕೊಂಡಿರೋ ಹಾಗಿದೆ. ಯಾರಾದ್ರೂ ಹೋಗಿ ಕೇಳಬಾರದಾ?”

“ನಾಟಕ ಸಾಕು ಅಜ್ಜಿ.”

“ಸರ್, ಅಮ್ಮಂಗೆ ಮರೆವಿನ ಕಾಯಿಲೆ. ಡಾಕ್ಟರ್ ಹತ್ರ ತೋರಿಸ್ತಿದೀವಿ” ಎಂದೆ.

“ಸಿಕ್ಕಿಬಿದ್ದ ಮೇಲೆ ಎಲ್ರಿಗೂ ಕಾಯಿಲೆ ಇರತ್ತೆ ಮೇಡಂ. ಹೋದ ತಿಂಗಳು ಸಿಕ್ಕಿಬಿದ್ದ ಒಬ್ಬ ಕೈಗೆ ಸುಳ್ಳು ಬ್ಯಾಂಡೇಜ್ ಸುತ್ಕೊಂಡೇ ಬಂದಿದ್ದ” ಎಂದರು. ಅವರನ್ನು ನಾನು ದೂರುವುದಿಲ್ಲ. ದಿನಾ ಸುಳ್ಳು ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ. ಹಾಗೆ ಜಡ್ಡುಗಟ್ಟಿಸಿದ್ದರಲ್ಲಿ ನನ್ನ ಓರಗಿತ್ತಿಯ ಪಾಲೂ ಇದೆ. ಮೋಸ ಮಾಡುವವರು ನಿಮ್ಮ ಸಾಮಾನನ್ನಷ್ಟೇ ಒಯ್ಯುವುದಿಲ್ಲ. ನಿಜ ಹೇಳುವವರ ಮಾತಿಗಿರುವ ಬೆಲೆಯನ್ನೂ ಒಯ್ಯುತ್ತಾರೆ. ಆ ನಷ್ಟವನ್ನು ನಿಯಂತ್ರಿಸುವ ವಿಭಾಗ ಯಾವುದು?

ಕೂಪನ್ನುಗಳ ಬೆಲೆ ತುಂಬಿಕೊಟ್ಟೆ. ಅಮ್ಮನನ್ನು ಕರೆದುಕೊಂಡು ಬಂದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಸ್ವಲ್ಪ ದಿನಗಳಲ್ಲೇ ಫೋಟೊ ಗೋಡೆಗೇರಿತು. ಅದೇ ವಾರ ಆ ಕಾವಲುಗಾರನನ್ನು ಕೆಲಸದಿಂದ ತೆಗೆದಿರಿ. ಆರೋಪಿಯ ಪರಿಚಯವಿರುವುದನ್ನು ಬರಹದಲ್ಲಿ ತಿಳಿಸದೆ, ಅಪ್ಪಣೆಯಿಲ್ಲದೆ ಮನೆಯವರಿಗೆ ಫೋನ್ ಮಾಡಿದ್ದು ಅವನ ಅಪರಾಧವಂತೆ. ನಿಮ್ಮ ಇಡೀ ಕಟ್ಟಡದಲ್ಲಿ ಆ ಹೊತ್ತು ಸರಿಯಾದ ಕೆಲಸ ಮಾಡಿದವನು ಅವನೊಬ್ಬ. ಅವನನ್ನೇ ಹುಡುಕಿ ಹೊರಗೆ ಹಾಕಿದ ನಿಮ್ಮ ಚುರುಕುತನಕ್ಕೆ ಏನು ಹೇಳಲಿ? ಕ್ಷಮೆ ಕೇಳಲು ಅವನ ಮನೆಗೆ ಹೋಗಿದ್ದೆ. “ನೀವ್ಯಾಕೆ ಬೇಜಾರು ಮಾಡ್ಕೋತೀರಿ ಮೇಡಂ? ನೋಡ್ಕೊಂಡು ಸುಮ್ನಿರೋಕೆ ಆಗಲಿಲ್ಲ” ಎಂದ. ಅವನ ಹೆಂಡತಿ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ. ಅವಳದೇನು ತಪ್ಪು?

ನನ್ನ ಮನವಿಗೆ ನಿಮ್ಮ ಕಚೇರಿ ಕಳಿಸಿದ ಉತ್ತರದಲ್ಲಿ, ‘ಗ್ರಾಹಕರ ಉದ್ದೇಶವನ್ನು ಪರಿಶೀಲಿಸುವ ವ್ಯವಸ್ಥೆ ನಮ್ಮಲ್ಲಿರುವುದಿಲ್ಲ’ ಎಂಬ ಸಾಲಿದೆ. ಇಷ್ಟು ಪ್ರಾಮಾಣಿಕವಾದ ಸಾಲನ್ನು ಯಾವ ಕಚೇರಿಯಿಂದಲೂ ನಿರೀಕ್ಷಿಸಿರಲಿಲ್ಲ. ಉದ್ದೇಶ ತಿಳಿಯದೆ ಮೋಸವೆಂದು ತೀರ್ಮಾನಿಸುವುದು ಹೇಗೆ ಎಂದು ತಿರುಗಿ ಬರೆದೆ. ಅದಾದ ಮೇಲೂ ಫೋಟೊ ಗೋಡೆಯ ಮೇಲೇ ಇದೆ.

ಅಮ್ಮನಿಗೆ ಈಗ ನಿಮ್ಮ ಮಳಿಗೆಯ ನೆನಪಿಲ್ಲ. ಆ ಕೋಣೆ, ಮ್ಯಾನೇಜರು, ವಿಡಿಯೊ ಯಾವುದೂ ನೆನಪಿಲ್ಲ. ದೇವರು ದೊಡ್ಡವನು ಎಂದು ನೆಂಟರು ನನಗೆ ಸಮಾಧಾನ ಹೇಳುತ್ತಾರೆ. ಆದರೆ ಮೊನ್ನೆ ಮನೆಗೆ ಡಾಕ್ಟರು ಬಂದರು. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತದ್ದೇ ತಡ, ಅಮ್ಮ ಎದ್ದು ನಿಂತು ಎರಡೂ ಜೇಬುಗಳನ್ನು ಹೊರಗೆಳೆದಳು. “ನೋಡಿ, ಏನೂ ಇಲ್ಲ. ನಾನೇನೂ ತಗೊಂಡಿಲ್ಲ” ಎಂದಳು. ನೀರು ಬಿಡುವವನು ಬಂದರೂ ಹಾಗೆಯೇ, ಪಕ್ಕದ ಮನೆಯಾಕೆ ಬಂದರೂ ಹಾಗೆಯೇ. ನನ್ನ ಹೆಸರು ಮರೆತವಳಿಗೆ ಇದೊಂದು ಮರೆಯುತ್ತಿಲ್ಲ. ಅವಳ ಬಟ್ಟೆಗಳ ಜೇಬುಗಳನ್ನೆಲ್ಲ ಹೊಲಿದುಬಿಟ್ಟೆ. ಈಗ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಬಾಯಿ ನೋಯುವ ತನಕ ಅದೇ ಮಾತು ಹೇಳುತ್ತಾಳೆ.

ಆ ಫೋಟೊ ತೆಗೆಸಿ. ಆ ಕಾವಲುಗಾರನನ್ನು ಕೆಲಸಕ್ಕೆ ಕರೆಸಿ. ಎರಡೂ ಆಗುವುದಿಲ್ಲವೆಂದು ಬಲ್ಲೆ, ಆದರೂ ಕೇಳುತ್ತಿದ್ದೇನೆ. ಮೂರನೆಯದು ನಿಮಗೆ ಕಾಸಿನ ಖರ್ಚೂ ಇಲ್ಲದ್ದು: ವಯಸ್ಸಾದವರು ಯಾರಾದರೂ ಕೌಂಟರಿನ ಮುಂದೆ ನಿಂತು ಇಲ್ಲದ ಬಿಲ್ಲಿಗೆ ಚೀಲ ತಡಕುತ್ತಿದ್ದರೆ, ಆ ಕೋಣೆಗೆ ಕರೆದೊಯ್ಯುವ ಮುನ್ನ ಒಂದೇ ಒಂದು ಮಾತು ಕೇಳುವಂತೆ ನಿಮ್ಮವರಿಗೆ ಹೇಳಿ. “ಮನೆಯಲ್ಲಿ ಯಾರಿದ್ದಾರೆ? ಫೋನ್ ಮಾಡಲಾ?”

ಇಂತಿ,
ಊರಿಗೆಲ್ಲ ಹಲ್ಲು ಮಾಡಿಕೊಟ್ಟೂ
ಯಾರನ್ನೂ ಕಚ್ಚಲಾಗದ ಒಬ್ಬ ಮಗಳು