ಅಲ್ಪಮತಿಯೆಂಬ ಮಾತು

ನವೆಂಬರ್ ೨೮, ಗುರುವಾರ

ಜಪಕ್ಕೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಬಿ.ಎ. ಮುಗಿಸುತ್ತಲೇ ಅಮೆರಿಕದಲ್ಲಿ ನೇರವಾಗಿ ಮನಶ್ಶಾಸ್ತ್ರದ ಪಿಎಚ್.ಡಿ.ಗೆ ಸೇರಬಯಸುವ ಮೊಮ್ಮಗಳ ಅರ್ಜಿಯನ್ನು ತಿದ್ದಿದವನು ನಾನು. ಗ್ರಂಥಾರಂಭದಲ್ಲಿ ವಿನಯ ತೋರುವ ಹಳೆಯ ಪದ್ಧತಿಯಂತೆ, 'ಅಲ್ಪಮತಿಯಾದ ನಾನು' ಎಂದೇ ಇಂಗ್ಲಿಷಿನಲ್ಲಿ ಮೊದಲು ಮಾಡಿಸಿದೆ. ಇಂದು ಅವಳ ಪ್ರಾಧ್ಯಾಪಕಿ ನಕ್ಕರಂತೆ: "ಎಂ.ಎ. ಆದೋರಿಗೇ ಸೀಟಿಲ್ಲ. ನಂಗೆ ಬುದ್ಧಿ ಕಮ್ಮಿ ಅಂತ ನೀನೇ ಬರ್ಕೊಟ್ರೆ ಯಾರಮ್ಮ ತಗೋತಾರೆ?"

ನಾಳೆಯೇ ಕಡೆಯ ದಿನ. "ಅಜ್ಜ, ನನ್ನ ಹೊಗಳಿ ಒಂದೇ ಒಂದು ಸಾಲು ಹೇಳಿ" ಎಂದಳು. ಭಗವಂತನನ್ನು ನಿತ್ಯವೂ ಹೊಗಳುವ ಈ ನಾಲಿಗೆ ಅಲ್ಲಿ ಏಳಲೇ ಇಲ್ಲ.

"ಬಿಡಿ, ನಿಮ್ಗೆ ನನ್ನಲ್ಲಿ ಏನೂ ಕಾಣ್ಸಲ್ಲ" ಎಂದು ಎದ್ದುಹೋದಳು.

ಕಾಣದೆ ಏನು! ಇವಳಜ್ಜಿ ತೀರಿಕೊಂಡ ಮೇಲೆ ಮಾತನ್ನೇ ಬಿಟ್ಟಿದ್ದ ನನ್ನೆದುರು ದಿನವೂ ಸುಮ್ಮನೆ ಕುಳಿತು, ಕಡೆಗೆ ನನ್ನ ಬಾಯಿ ಬಿಡಿಸಿದವಳು ಇವಳೇ. ಅದನ್ನೇ ಬರೆಯೆಂದು ಹೇಳಲು ನನಗೇನಾಗಿತ್ತು? ಅವಳ ಕೋಣೆಯ ದೀಪ ಇನ್ನೂ ಆರಿಲ್ಲ. ಈಗಲಾದರೂ ಎದ್ದುಹೋಗಿ—